ಗಣಿತ ಸಂಶೋಧಕಿಯೊಬ್ಬರು ನಮ್ಮಲ್ಲಿಗೆ ಬರ್ತಿದ್ದಾರೆ, ಒಂದೂವರೆ ತಾಸು ನಮಗೇ ಕೊಟ್ಟಿದ್ದಾರೆ. ಏನು ಕೇಳೋಣ?

ಜೋಳದಹೊಲ

ಎಲ್ಲರಿಗೂ ನಮಸ್ಕಾರ. ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಗಣಿತದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಈಗ ಮೂರನೇ ವರ್ಷ. ವಿಷಯ ಗ್ರಾಫ್ ಥಿಯರಿ, ಅಂದರೆ ಚುಕ್ಕೆಗಳನ್ನು ಗೆರೆಗಳಿಂದ ಜೋಡಿಸಿದ ಜಾಲಗಳ ಗಣಿತ; ಅದರಲ್ಲಿ ಡಾಮಿನೇಷನ್. ವಿಭಾಗದಲ್ಲಿ ನಾವು ಏಳು ಜನ ಸ್ಕಾಲರ್‌ಗಳು. ಇಬ್ಬರಿಗೆ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಇದೆ, ತಿಂಗಳಿಗೆ 37,000 ಬರುತ್ತದೆ. ಅಂದರೆ, ಬಂದಾಗ ಬರುತ್ತದೆ. ಮೂವರು ಬೆಳಿಗ್ಗೆ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ಪಾಠ ಮಾಡಿ, ಊಟದ ಡಬ್ಬಿ ಹಿಡಿದುಕೊಂಡು ಮಧ್ಯಾಹ್ನ ಇಲ್ಲಿಗೆ ಬರುತ್ತಾರೆ.

ಈಗ ವಿಷಯಕ್ಕೆ ಬರ್ತೀನಿ. ಫ್ರಾನ್ಸ್‌ನಲ್ಲಿ ಕೆಲಸ ಮಾಡುವ ಒಬ್ಬ ಸಂಶೋಧಕಿ ಬೆಂಗಳೂರಿನ ಹೆಸರಘಟ್ಟದ ಕಡೆ ಇರುವ ಐಸಿಟಿಎಸ್ ಸಂಶೋಧನಾ ಕೇಂದ್ರಕ್ಕೆ ಎರಡು ವಾರದ ಕಾರ್ಯಕ್ರಮಕ್ಕೆ ಬಂದಿದ್ದಾರೆ. ಮೂಲ ಕೇರಳದವರು. ನಮ್ಮಲ್ಲೊಬ್ಬಳು ಸುಮ್ನೆ ಧೈರ್ಯ ಮಾಡಿ ಅವರಿಗೆ ಇಮೇಲ್ ಹಾಕಿದಳು, ಒಂದು ದಿನ ನಮ್ಮ ಕಡೆ ಬರ್ತೀರಾ ಅಂತ. ಮೂರು ತಾಸಿನಲ್ಲಿ ಉತ್ತರ ಬಂತು. ಬರುತ್ತಾರಂತೆ. ಆದರೆ ಒಂದು ಷರತ್ತು: ಉಪನ್ಯಾಸ ಆದ ಮೇಲೆ ಒಂದೂವರೆ ತಾಸು ವಿದ್ಯಾರ್ಥಿಗಳ ಜೊತೆ ಮಾತ್ರ ಕೂರಬೇಕು, ಮೇಷ್ಟ್ರುಗಳು ಯಾರೂ ಇರಬಾರದು. ಪಿಎಚ್‌ಡಿ ಆದ ಮೇಲೆ ಮುಂದೇನು ಅನ್ನೋದರ ಬಗ್ಗೆ ಮಾತಾಡೋಣ ಅಂದಿದ್ದಾರೆ.

ನಮಗೆ ಈಗ ಖುಷಿಗಿಂತ ಭಯ ಜಾಸ್ತಿ. ಹೋದ ವರ್ಷ ಹೀಗೇ ಒಬ್ಬ ದೊಡ್ಡ ಪ್ರಾಧ್ಯಾಪಕರು ಬಂದಿದ್ದರು. ಕೊನೆಗೆ ಏನಾದರೂ ಕೇಳಿ ಅಂದರು. ಎರಡು ನಿಮಿಷ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ ನಾನೇ ಎದ್ದು ನಿಂತು, 'ಸರ್, ಗಣಿತದಲ್ಲಿ ಸಾಧನೆ ಮಾಡಬೇಕಾದರೆ ಏನು ಮಾಡಬೇಕು' ಅಂದೆ. 'ಕಷ್ಟಪಟ್ಟು ಓದಬೇಕು' ಅಂದರು. ಗ್ರೂಪ್ ಫೋಟೋ ಆಯಿತು, ಹೋದರು.

ಈ ಸಲ ಹಾಗೆ ಆಗಬಾರದು. ಏನು ಕೇಳಬೇಕು? ಸಂಬಳ ಕೇಳಿದರೆ ತಪ್ಪಾಗುತ್ತಾ? ನಮ್ಮ ಕೆಲಸದ ಬಗ್ಗೆ ನಾವಾಗಿಯೇ ಹೇಳಬೇಕಾ, ಅವರು ಕೇಳುವವರೆಗೆ ಕಾಯಬೇಕಾ? ನಮ್ಮ ಇಂಗ್ಲಿಷ್ ಅಷ್ಟಕ್ಕಷ್ಟೆ. ಎಲ್ಲರೂ ಸೇರಿ 4,000 ರೂಪಾಯಿ ಕೂಡಿಸಿದ್ದೇವೆ. ಶಾಲು, ಹಾರ, ಹಣ್ಣಿನ ಬುಟ್ಟಿಗೆ ಅದರಲ್ಲಿ ಎಷ್ಟು ತೆಗೆದಿಡಬೇಕು? ಮತ್ತೆ, ವಿಭಾಗದ ಮುಖ್ಯಸ್ಥರಾದ ಎಚ್‌ಒಡಿ ಸರ್‌ಗೆ 'ನೀವು ಹೊರಗಿರಿ' ಅಂತ ಹೇಳೋದು ಹೇಗೆ?

ಡೆಲ್ಟಾ ಎಪ್ಸಿಲಾನ್

ನಾನು ತುಮಕೂರಿನವನು. ಪಿಎಚ್‌ಡಿ ಮಾಡಿದ್ದು ಅಮೆರಿಕದಲ್ಲಿ. ಅಲ್ಲಿ ಎಷ್ಟೋ ವಿಭಾಗಗಳಲ್ಲಿ ಇದೊಂದು ರೂಢಿ. ಉಪನ್ಯಾಸಕ್ಕೆ ಬಂದವರನ್ನು ವಿದ್ಯಾರ್ಥಿಗಳೇ ಊಟಕ್ಕೆ ಕರೆದುಕೊಂಡು ಹೋಗುತ್ತಾರೆ, ಮೇಷ್ಟ್ರುಗಳು ಬರೋದಿಲ್ಲ. ನಮ್ಮಲ್ಲಿ ವರ್ಷಕ್ಕೆ ಒಬ್ಬ ಅತಿಥಿಯನ್ನು ವಿದ್ಯಾರ್ಥಿಗಳೇ ಆರಿಸಿ ಕರೆಸುತ್ತಿದ್ದೆವು. ಎರಡು ವರ್ಷ ಆ ಜವಾಬ್ದಾರಿ ನನ್ನ ತಲೆಗೆ ಬಂದಿತ್ತು. ಆದ್ದರಿಂದ ಅವರ ಷರತ್ತು ನೋಡಿ ಹೆದರಬೇಡಿ. ಅದು ನಿಮ್ಮ ಒಳ್ಳೆಯದಕ್ಕೇ.

ಮೊದಲ ವರ್ಷ ನಾನು ಕೇಳಿದ್ದೂ ನಿಮ್ಮಂಥದ್ದೇ ಪ್ರಶ್ನೆ: ಒಳ್ಳೆ ಸಮಸ್ಯೆ ಆರಿಸೋದು ಹೇಗೆ? ಬಂದ ಉತ್ತರ ಗಾಳಿಗೆ ಹೋಯಿತು, ಈಗ ಒಂದು ಪದವೂ ನೆನಪಿಲ್ಲ. ಮುಂದಿನ ವರ್ಷ ಬಂದವರನ್ನು ಬೇರೆ ಥರ ಕೇಳಿದೆ: ಇತ್ತೀಚೆಗೆ ನೀವು ಕೈಬಿಟ್ಟ ಸಮಸ್ಯೆ ಯಾವುದು, ಯಾವತ್ತು ಬಿಟ್ಟಿರಿ? ಅವರು ಪಿಜ್ಜಾ ಕೆಳಗಿಟ್ಟು ಇಪ್ಪತ್ತೈದು ನಿಮಿಷ ಮಾತಾಡಿದರು. 'ಹೇಗೆ ಗೆಲ್ಲಬೇಕು' ಅಂತ ಕೇಳಿದರೆ ಯಾರೇ ಆದರೂ ಉಪದೇಶ ಕೊಡುತ್ತಾರೆ. ಒಂದು ನಿರ್ದಿಷ್ಟ ವರ್ಷದಲ್ಲಿ ಏನಾಯಿತು ಅಂತ ಕೇಳಿದರೆ ಕಥೆ ಹೇಳುತ್ತಾರೆ. ನಿಮಗೆ ಕಥೆ ಬೇಕು.

ಇನ್ನು ಕೆಲಸದ ವಿಷಯ. ಅಮೆರಿಕದ ಪೋಸ್ಟ್‌ಡಾಕ್‌ಗೆ (ಪಿಎಚ್‌ಡಿ ಆದ ಮೇಲಿನ ತಾತ್ಕಾಲಿಕ ಸಂಶೋಧನಾ ಕೆಲಸ) ಹೆಚ್ಚಿನ ಅರ್ಜಿಗಳು ಮ್ಯಾಥ್‌ಜಾಬ್ಸ್ ಅನ್ನುವ ಒಂದೇ ಜಾಲತಾಣದ ಮೂಲಕ ಹೋಗುತ್ತವೆ. ಕೊನೆಯ ದಿನಾಂಕಗಳು ನವೆಂಬರ್, ಡಿಸೆಂಬರ್‌ನಲ್ಲಿ. ಕೆಲಸ ಶುರುವಾಗೋದು ಮುಂದಿನ ಆಗಸ್ಟಿನ ಹೊತ್ತಿಗೆ. ಅಂದರೆ ಪ್ರಬಂಧ ಮುಗಿಯುವ ಒಂದು ವರ್ಷ ಮೊದಲೇ ಓಡಾಟ ಶುರು. ಸಂಶೋಧನೆಯ ಬಗ್ಗೆ ಮೂರು ಶಿಫಾರಸು ಪತ್ರ, ಪಾಠದ ಬಗ್ಗೆ ಒಂದು. ಅಲ್ಲಿನ ಸರ್ಕಾರದ ಎನ್‌ಎಸ್‌ಎಫ್ ಗಣಿತ ಪೋಸ್ಟ್‌ಡಾಕ್ ನಮಗೆ ಇಲ್ಲ, ಅದು ಅಲ್ಲಿನ ನಾಗರಿಕರು ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ನಾನಿದನ್ನು ಅರ್ಧ ಅರ್ಜಿ ತುಂಬಿದ ಮೇಲೆ ಓದಿದೆ!

ಆ ಮೂರು ಪತ್ರಗಳೇ ನಮ್ಮವರಿಗೆ ಕಷ್ಟ. ಗೈಡ್ ಒಬ್ಬರು ಬರೆಯುತ್ತಾರೆ. ಉಳಿದ ಇಬ್ಬರು ಯಾರು? ಬರುವ ಸಂಶೋಧಕಿಯನ್ನು ಇದನ್ನೇ ಕೇಳಿ: ನಿಮಗೆ ಪತ್ರ ಬರೆದವರು ನಿಮ್ಮನ್ನು ಮೊದಲು ನೋಡಿದ್ದು ಎಲ್ಲಿ?

ಸಂಬಳ ಖಂಡಿತ ಕೇಳಿ. 'ಮನೆ ಬಾಡಿಗೆ ಹೋಗಿ ಎಷ್ಟು ಉಳಿಯುತ್ತೆ' ಅಂತ ಕೇಳಿದರೆ ಇನ್ನೂ ಒಳ್ಳೆಯದು. ಮತ್ತೆ ನಿಮ್ಮ ಕೆಲಸದ ಬಗ್ಗೆ ಎರಡು ನಿಮಿಷದ ಮಾತು ಎಲ್ಲರೂ ತಯಾರು ಮಾಡಿಕೊಳ್ಳಿ. ಪಿಪಿಟಿ ಬೇಡ. ಒಂದು ಉದಾಹರಣೆ, ಗೊತ್ತಿರೋದು ಏನು, ಗೊತ್ತಾಗಬೇಕಿರೋದು ಏನು. ಅಷ್ಟೇ.

ಮಲೆನಾಡಿನ ಸೊನ್ನೆ

ನಾಲ್ಕು ಮಾತು, ಅಡುಗೆಮನೆ ಕಡೆಯಿಂದ. ಒಳ್ಳೆ ಚಾಕ್ ತಂದಿಡಿ, ಡಸ್ಟರ್ ಕೂಡ. ಊಟ ವೆಜ್ಜಾ ನಾನ್‌ವೆಜ್ಜಾ ಅಂತ ಮೊದಲೇ ಕೇಳಿ. ರೈಲಿನ ಟಿಕೆಟ್ ಹಣ ಯಾರು ಕೊಡುತ್ತಾರೆ ಅನ್ನೋದನ್ನು ಬಾಯಿಮಾತಿಗೆ ಬಿಡದೆ ಇಮೇಲ್‌ನಲ್ಲಿ ಬರೆಯಿರಿ. ಶಾಲಿಗೆ ನಿಮ್ಮ ದುಡ್ಡು ಹಾಕಬೇಡಿ, ವಿಭಾಗದವರು ಹೇಗೂ ಹೊದಿಸುತ್ತಾರೆ.

ಎಚ್‌ಒಡಿಗೆ ನೀವಾಗಿ ಏನೂ ಹೇಳಬೇಡಿ. ಮೇಡಂ ಬರೆದ ಇಮೇಲ್‌ನ ಪ್ರಿಂಟ್ ತೆಗೆದು, 'ಸರ್, ಅವರು ಹೀಗೆ ಬರೆದಿದ್ದಾರೆ, ಏನು ಮಾಡೋಣ' ಅಂತ ಅವರನ್ನೇ ಕೇಳಿ. ಅವರೇ 'ಹಾಗೇ ಮಾಡಿ' ಅನ್ನುತ್ತಾರೆ.

ಹದಿನಾರು ತಾಸು

ನಾನು ಡಿಗ್ರಿ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಹೆಸರು ನೋಡಿದರೆ ಗೊತ್ತಾಗುತ್ತಲ್ಲ, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪ್ರಕಾರ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ತಾಸು ಪಾಠ. ಡೆಲ್ಟಾ ಅವರು ಹೇಳಿದ್ದೆಲ್ಲ ಸರಿ. ಆದರೆ ಏಳು ಜನರಲ್ಲಿ ಅಮೆರಿಕಕ್ಕೆ ಹೋಗೋರು ಎಷ್ಟು ಜನ? ನಮ್ಮ ಬ್ಯಾಚಿನಲ್ಲಿ ಒಬ್ಬರೂ ಇಲ್ಲ. ಎಲ್ಲರೂ ನನ್ನ ಹಾಗೆ ಹಾಜರಿ ಪುಸ್ತಕ, ಆಂತರಿಕ ಅಂಕ, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನ ಫೈಲು ಅಂತ ಇದ್ದೇವೆ. ಇದು ಗೋಳಲ್ಲ, ನನಗೆ ಪಾಠ ಇಷ್ಟ. ಆದರೆ ಅವರನ್ನು ಕರೆಸಿ ಬರೀ ಫ್ರಾನ್ಸಿನ ಬಗ್ಗೆ ಕೇಳಿದರೆ, ಬೇರೆಯವರ ಮದುವೆ ಆಲ್ಬಮ್ ನೋಡಿದ ಹಾಗಾಗುತ್ತದೆ.

ಕಾಲೇಜು ಕೆಲಸಕ್ಕೆ ಪಿಎಚ್‌ಡಿ ಕಡ್ಡಾಯ ಅಲ್ಲ. ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾಗಿದ್ದರೆ ಸಾಕು. ಹಾಗಾದರೆ ಪಿಎಚ್‌ಡಿ ಮಾಡಿದವನಿಗೆ ಮುಂದೆ ಉಳಿಯೋದು ಏನು? ಗಣಿತ ಮಾಡುವ ಅಭ್ಯಾಸ ಒಂದೇ ತಾನೆ. ಅದನ್ನು ಉಳಿಸಿಕೊಳ್ಳೋದು ಹೇಗೆ ಅಂತ ಕೇಳಿ.

ಇನ್ನೊಂದು, ಪೇಪರ್‌ಗಳ ವಿಷಯ. ನಾನು ಪಿಎಚ್‌ಡಿ ಮಾಡುವಾಗ ಒಂದು ಜರ್ನಲ್‌ಗೆ 8,000 ರೂಪಾಯಿ ಕಟ್ಟಿದ್ದೆ. ಹನ್ನೊಂದು ದಿನಕ್ಕೆ ಸ್ವೀಕಾರ ಪತ್ರ ಬಂತು. ಯಾರೂ ಓದಿರಲಿಲ್ಲ ಅನ್ನೋದಕ್ಕೆ ಸಾಕ್ಷಿ, ಎರಡನೇ ಪುಟದಲ್ಲಿದ್ದ ತಪ್ಪು ಹಾಗೇ ಅಚ್ಚಾಗಿತ್ತು. ಈಗ ಆ ಜರ್ನಲ್ಲಿನ ಜಾಲತಾಣವೇ ಇಲ್ಲ. 2022ರ ನಿಯಮದಲ್ಲಿ ಪ್ರಬಂಧ ಸಲ್ಲಿಸುವ ಮುಂಚೆ ಪೇಪರ್ ಕಡ್ಡಾಯ ಅನ್ನೋದನ್ನು ಯುಜಿಸಿ ತೆಗೆದಿದೆ, ಆದರೂ ವಿಭಾಗಗಳಲ್ಲಿ ಆ ಹಳೇ ಭಯ ಹೋಗಿಲ್ಲ. ಒಳ್ಳೆ ಜರ್ನಲ್ ಯಾವುದು ಅಂತ ಪತ್ತೆ ಹಚ್ಚೋದು ಹೇಗೆ, ಕೇಳಿ. ನಾನಂತೂ ಈಗ ಗಣಿತದ ಪೇಪರ್, ಜರ್ನಲ್‌ಗಳ ವಿವರ ಇರುವ ಝಡ್‌ಬಿಮ್ಯಾಥ್ ಜಾಲತಾಣ ನೋಡುತ್ತೇನೆ. 2021ರಿಂದ ಅದು ಎಲ್ಲರಿಗೂ ಉಚಿತ.

ಲೇಖಕರ ಹೆಸರಿನ ಕ್ರಮವನ್ನೂ ಕೇಳಿ. ಗಣಿತದಲ್ಲಿ ಅಕಾರಾದಿ ಕ್ರಮ ಲೋಕರೂಢಿ. ನಮ್ಮ ಯುಜಿಸಿಯ ಅಂಕದ ಲೆಕ್ಕದಲ್ಲಿ ಮಾತ್ರ ಇಬ್ಬರಿಗಿಂತ ಜಾಸ್ತಿ ಲೇಖಕರಿದ್ದರೆ ಮೊದಲ ಅಥವಾ ಮುಖ್ಯ ಲೇಖಕರಿಗೆ ನೂರಕ್ಕೆ 70, ಉಳಿದವರಿಗೆ ತಲಾ 30. ಯಾರ ಹೆಸರು ಮೊದಲು ಅಂತ ಜಗಳ ಆಗದೇ ಇನ್ನೇನಾಗುತ್ತೆ.

ಜೋಳದಹೊಲ

ಎಲ್ಲರಿಗೂ ಧನ್ಯವಾದ. ಪ್ರಿಂಟಿನ ಉಪಾಯ ಫಲಿಸಿತು. ಸರ್ ಎರಡು ಸಲ ಓದಿ, 'ನನ್ನನ್ನೂ ಬೇಡ ಅಂದಿದ್ದಾರಾ' ಅಂತ ಕೇಳಿದರು. ನಾನು ಉತ್ತರ ಕೊಡಲಿಲ್ಲ. ಆಮೇಲೆ ಅವರೇ ಒಪ್ಪಿದರು. ಹದಿನಾರು ತಾಸು ಸರ್, ನಿಮ್ಮ ಪ್ರಶ್ನೆಗಳನ್ನು ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಕಾರ್ಯಕ್ರಮ ಮುಗಿದ ಮೇಲೆ ಬಂದು ಹೇಳುತ್ತೇನೆ.

ಜೋಳದಹೊಲ (ಹನ್ನೆರಡು ದಿನದ ನಂತರ)

ಹೇಳುತ್ತೇನೆ ಅಂದಿದ್ದೆನಲ್ಲ. ಸ್ವಲ್ಪ ಉದ್ದ ಆಗುತ್ತದೆ.

ಮೇಡಂ ರಾತ್ರಿ ರೈಲಿಗೆ ಬಂದರು. ಒಂದೇ ಬೆನ್ನಚೀಲ. ನಾವು ಇಬ್ಬರು ಸ್ಟೇಷನ್ನಿನಲ್ಲಿ ಬೋರ್ಡ್ ಹಿಡಿದು ಮುಂದಿನ ಬಾಗಿಲಲ್ಲಿ ನಿಂತಿದ್ದರೆ, ಅವರು ಹಿಂದಿನ ಬಾಗಿಲಿಂದ ಇಳಿದು ಚಹಾ ಕುಡಿಯುತ್ತಾ ನಮ್ಮನ್ನೇ ನೋಡುತ್ತಿದ್ದರು.

ಹತ್ತೂವರೆಗೆ ಉಪನ್ಯಾಸ ಅಂತ ಇತ್ತು. ಪ್ರಾರ್ಥನೆ, ದೀಪ ಬೆಳಗುವುದು, ಸ್ವಾಗತ, ಅತಿಥಿ ಪರಿಚಯ, ಶಾಲು, ಹಾರ, ಹಣ್ಣಿನ ಬುಟ್ಟಿ, ಅಧ್ಯಕ್ಷರ ಮಾತು. ಮೇಡಂ ಮೈಕ್ ಮುಂದೆ ನಿಂತಾಗ ಹನ್ನೊಂದೂ ಇಪ್ಪತ್ತು. ಪರಿಚಯ ಒಂದೇ ಹನ್ನೊಂದು ನಿಮಿಷ ತಿಂದಿತು, ನಾನು ಗಡಿಯಾರ ನೋಡುತ್ತಿದ್ದೆ. ಅವರು ಒಂದು ಗಂಟೆಯ ಮಾತನ್ನು ನಲವತ್ತು ನಿಮಿಷಕ್ಕೆ ಇಳಿಸಿದರು, ಮುಖದಲ್ಲಿ ಏನೂ ತೋರಿಸಲಿಲ್ಲ.

ಊಟಕ್ಕೆ ಗೆಸ್ಟ್ ಹೌಸ್ ಬೇಡ ಅಂತ ಖಾನಾವಳಿಗೆ ಕರೆದುಕೊಂಡು ಹೋದೆವು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಎಂಟು ಜನಕ್ಕೆ ಸಾವಿರವೂ ಆಗಲಿಲ್ಲ. ಅಲ್ಲಿ ಮಾತು ಶುರುವಾಗುತ್ತದೆ ಅಂದುಕೊಂಡರೆ, ನಾವೆಲ್ಲ ತಟ್ಟೆ ನೋಡಿಕೊಂಡು ಉಂಡೆವು. 'ಇನ್ನೊಂದು ರೊಟ್ಟಿ ಮೇಡಂ' ಬಿಟ್ಟರೆ ಯಾರೂ ಏನೂ ಅನ್ನಲಿಲ್ಲ.

ಎರಡು ಗಂಟೆಗೆ ಸೆಮಿನಾರ್ ರೂಮಿನಲ್ಲಿ ಕೂತೆವು. ಕುರ್ಚಿ ದುಂಡಗೆ ಹಾಕಿದ್ದೆವು. ಮತ್ತೆ ಅದೇ ಫ್ಯಾನಿನ ಸದ್ದು. ಆಗ ಅವರೇ ಶುರು ಮಾಡಿದರು. ಫ್ರಾನ್ಸಿಗೆ ಹೋದ ಮೊದಲ ವರ್ಷ ಫ್ರೆಂಚಿನಲ್ಲಿ ಪಾಠ ಮಾಡಬೇಕಾಯಿತಂತೆ. ಪದಗಳ ಲಿಂಗವೆಲ್ಲ ತಪ್ಪು. ಹುಡುಗರು ಹಿಂದಿನ ಬೆಂಚಿನಲ್ಲಿ ಲೆಕ್ಕ ಇಟ್ಟಿದ್ದರಂತೆ, ಒಂದು ಕ್ಲಾಸಿಗೆ ಎಷ್ಟು ತಪ್ಪು ಅಂತ. 'ನನ್ನ ಆಗಿನ ಫ್ರೆಂಚ್ ನಿಮ್ಮ ಇಂಗ್ಲಿಷ್‌ಗಿಂತ ಎಷ್ಟೋ ಕೆಟ್ಟದಾಗಿತ್ತು, ಮಾತಾಡಿ' ಅಂದರು.

ನಾನು ಡೈರಿ ತೆಗೆದು ಡೆಲ್ಟಾ ಅವರ ಪ್ರಶ್ನೆ ಓದಿದೆ. ಓದಿದೆ ಅಂದರೆ ಓದಿದ್ದೇ, ತಲೆ ಎತ್ತಲಿಲ್ಲ. ಕೈಬಿಟ್ಟ ಸಮಸ್ಯೆ ಯಾವುದು? ಮೇಡಂ ನಕ್ಕರು. ಎದ್ದು ಹೋಗಿ ಬೋರ್ಡ್ ಮೇಲೆ ಒಂದು ಗ್ರಾಫ್ ಬರೆದರು. ಎರಡನೇ ಪೋಸ್ಟ್‌ಡಾಕ್‌ನಲ್ಲಿ ಹದಿನಾಲ್ಕು ತಿಂಗಳು ಅದರ ಹಿಂದೆ ಬಿದ್ದಿದ್ದರಂತೆ. ಒಂದು ದಿನ ಬೆಳಿಗ್ಗೆ ಆರ್ಕೈವ್ (ಹೊಸ ಪೇಪರ್‌ಗಳನ್ನು ಹಾಕುವ ಜಾಲತಾಣ) ತೆರೆದರೆ, ಬೇರೆ ಮೂವರು ಅದನ್ನೇ ಪ್ರೂವ್ ಮಾಡಿ ಹಾಕಿದ್ದಾರೆ. ಇವರ ಹತ್ತಿರ ಇದ್ದದ್ದಕ್ಕಿಂತ ಚಿಕ್ಕ ಪ್ರೂಫ್, ಚೆಂದದ ಪ್ರೂಫ್. ಎರಡು ದಿನ ಹಾಸಿಗೆಯಿಂದ ಏಳಲಿಲ್ಲ. ಮೂರನೇ ದಿನ ಆ ಮೂವರಿಗೇ ಇಮೇಲ್ ಹಾಕಿದರು: ನಿಮ್ಮ ನಾಲ್ಕನೇ ಹೆಜ್ಜೆಯನ್ನು ಇನ್ನೂ ಬಲ ಮಾಡಬಹುದು ಅನ್ನಿಸುತ್ತೆ. ಮುಂದಿನ ಪೇಪರ್ ನಾಲ್ವರದ್ದು. ಮೇಡಂಗೆ ಎರಡನೇ ಶಿಫಾರಸು ಪತ್ರ ಬರೆದದ್ದು ಆ ಮೂವರಲ್ಲಿ ಒಬ್ಬರು.

ಕೆಲಸಕ್ಕೆ ಅವರು ಹಾಕಿದ್ದು ಮೂರು ಚಳಿಗಾಲದಲ್ಲಿ 112 ಅರ್ಜಿ, ಆರು ಸಂದರ್ಶನ. ಸಂಖ್ಯೆ ಕೇಳಿದ್ದು ನಮ್ಮ ಇಮೇಲ್ ಹುಡುಗಿಯೇ. ಅವಳಿಗೆ ಈಗ ಯಾರ ಭಯವೂ ಇಲ್ಲ.

ಹದಿನಾರು ತಾಸಿನ ಪ್ರಶ್ನೆಯನ್ನೂ ಇಟ್ಟೆವು. ಫ್ರಾನ್ಸಿನ ವಿಶ್ವವಿದ್ಯಾಲಯದಲ್ಲಿ ಕಾಯಂ ಅಧ್ಯಾಪಕರಿಗೆ ವರ್ಷಕ್ಕೆ 192 ತಾಸು ಪಾಠವಂತೆ. ವಾರಕ್ಕಲ್ಲ, ವರ್ಷಕ್ಕೆ. ನಮ್ಮದು ವಾರಕ್ಕೆ ಹದಿನಾರು, ವರ್ಷಕ್ಕೆ ಮೂವತ್ತು ವಾರ. ಅವರೇ ಚಾಕ್ ತೆಗೆದು 480 ಅಂತ ಬರೆದು, ಕೆಳಗೆ 192 ಬರೆದು, ಭಾಗಿಸಿ, 2.5 ಅಂತ ಬರೆದರು. ಸರಿಯಾಗಿ ಎರಡೂವರೆ ಪಟ್ಟು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ನಿಂತರು. 'ನಾನು 480 ತಾಸು ಪಾಠ ಮಾಡಿ ಏನಾದರೂ ಬರೆಯುತ್ತಿದ್ದೆ ಅಂತ ಸುಳ್ಳು ಹೇಳಲಾರೆ' ಅಂದರು. ಹಾಗೆ ಹೇಳಿದ್ದು ನನಗೆ ಭಾಳ ಹಿಡಿಸಿತು. ಆಮೇಲೆ ಹೇಳಿದ್ದು ಇಷ್ಟು: ಸಣ್ಣ ಸಮಸ್ಯೆ ಇಟ್ಟುಕೊಳ್ಳಿ, ಒಬ್ಬರೇ ಮಾಡಬೇಡಿ, ಬೇಸಿಗೆಯನ್ನು ಯಾರಿಗೂ ಬಿಟ್ಟುಕೊಡಬೇಡಿ. ರಾಷ್ಟ್ರೀಯ ಗಣಿತ ಕೇಂದ್ರದ ಬೇಸಿಗೆ ಶಾಲೆಗಳಿಗೆ ಅರ್ಜಿ ಹಾಕಿ, ಪ್ರಯಾಣ ಮತ್ತು ವಸತಿ ಅವರೇ ಕೊಡುತ್ತಾರೆ. ಅಲ್ಲಿ ಸಿಗುವ ಮೇಷ್ಟ್ರುಗಳೇ ನಾಳೆ ಪತ್ರ ಬರೆಯುವವರು.

ಹೆಸರಿನ ಕ್ರಮದ ಪ್ರಶ್ನೆಗೆ ಮಾತ್ರ ಅವರ ಹತ್ತಿರ ಉತ್ತರ ಇರಲಿಲ್ಲ. 70, 30ರ ಲೆಕ್ಕ ಕೇಳಿ ಅವರಿಗೆ ನಂಬಿಕೆಯೇ ಬರಲಿಲ್ಲ.

ನಡುವೆ ಎಚ್‌ಒಡಿ ಸರ್ ಎರಡು ಸಲ ಬಾಗಿಲು ತೆರೆದು 'ಎಲ್ಲ ಸರಿ ಇದೆಯಾ, ಚಹಾ ಕಳಿಸಲಾ' ಅಂದರು. ಎರಡು ಸಲವೂ ಚಹಾ ಬಂತು.

ಕೊನೆಗೆ ನಮ್ಮ ಎರಡು ನಿಮಿಷದ ಸರದಿ. ನಾನು ಚದುರಂಗದಿಂದ ಶುರು ಮಾಡಿದೆ: ಹಲಗೆಯ 64 ಮನೆಗಳ ಮೇಲೂ ಕಣ್ಣಿಡಲು ಎಷ್ಟು ರಾಣಿ ಬೇಕು? ಐದು ಸಾಕು. ಡಾಮಿನೇಷನ್ ಅಂದರೆ ಅದೇ. ಆಮೇಲೆ ವಿಜಿಂಗ್ ಊಹೆಗೆ ಬಂದೆ. ಎರಡು ಗ್ರಾಫ್‌ಗಳ ಗುಣಲಬ್ಧವನ್ನು ಕಾಯಲು ಬೇಕಾದ ಸಂಖ್ಯೆ, ಎರಡನ್ನೂ ಬೇರೆ ಬೇರೆ ಕಾಯಲು ಬೇಕಾದ ಸಂಖ್ಯೆಗಳ ಗುಣಲಬ್ಧಕ್ಕಿಂತ ಕಡಿಮೆ ಆಗಲಾರದು ಅಂತ. 1968ರಿಂದ ಹಾಗೇ ಕೂತಿದೆ. ನಾನು ಒಂದು ಚಿಕ್ಕ ಬಗೆಯ ಗ್ರಾಫ್‌ಗಳಿಗೆ ಅದನ್ನು ನೋಡುತ್ತಿದ್ದೇನೆ. 'ಕ್ಲಾರ್ಕ್ ಮತ್ತು ಸುಯೆನ್ ಓದಿದ್ದೀರಾ' ಅಂದರು. ಆ ಗುಣಲಬ್ಧದ ಅರ್ಧಕ್ಕಿಂತಲಂತೂ ಕಡಿಮೆ ಆಗಲಾರದು ಅಂತ 2000ದಲ್ಲಿ ಆ ಇಬ್ಬರು ಪ್ರೂವ್ ಮಾಡಿದ್ದಾರೆ. ಹೆಸರು ಕೇಳಿದ್ದೆ, ಓದಿರಲಿಲ್ಲ. ಹಾಗೇ ಹೇಳಿದೆ. ಕೆಲವೇ ಪುಟದ ಪೇಪರ್, ಇವತ್ತೇ ಓದಿ ಅಂದರು. ಅದು ಬಂದಿರೋದು ಎಲೆಕ್ಟ್ರಾನಿಕ್ ಜರ್ನಲ್ ಆಫ್ ಕಾಂಬಿನೇಟರಿಕ್ಸ್‌ನಲ್ಲಿ. ಬರೆಯುವವರಿಂದಲೂ ಓದುವವರಿಂದಲೂ ಒಂದು ಪೈಸೆ ತೆಗೆದುಕೊಳ್ಳದ ಜರ್ನಲ್. ನಿಮ್ಮ 8,000 ರೂಪಾಯಿ ನೆನಪಾಯಿತು.

ಹೊರಡುವ ಮುಂಚೆ ಅವರು ನಮ್ಮನ್ನು ಒಂದೇ ಒಂದು ಪ್ರಶ್ನೆ ಕೇಳಿದರು. 'ನಿಮ್ಮ ತಪ್ಪು ಪ್ರೂಫ್‌ಗಳನ್ನು ಯಾರಿಗೆ ತೋರಿಸುತ್ತೀರಿ?' ಯಾರೂ ಮಾತಾಡಲಿಲ್ಲ. ಈ ಸಲ ಭಯಕ್ಕಲ್ಲ. ಉತ್ತರವೇ ಇರಲಿಲ್ಲ. ಮೂರು ವರ್ಷದಿಂದ ಒಂದೇ ರೂಮಿನಲ್ಲಿ ಕೂತು, ಒಂದೇ ಡಬ್ಬಿಯ ಚಟ್ನಿ ಹಂಚಿಕೊಂಡು, ಪಕ್ಕದವನ ಸಮಸ್ಯೆ ಏನು ಅಂತ ನನಗೆ ಅವತ್ತೇ ಗೊತ್ತಾಗಿದ್ದು, ಅವನ ಎರಡು ನಿಮಿಷದಲ್ಲಿ. ನಾವು ತೋರಿಸೋದು ಗೈಡ್‌ಗೆ ಮಾತ್ರ, ಅದೂ ಸರಿ ಅಂತ ಖಾತ್ರಿ ಆದ ಮೇಲೆ.

ಕೂಡಿಸಿದ ಹಣದಲ್ಲಿ 2,600 ಉಳಿದಿದೆ. ಅವರ ಟಿಕೆಟ್ ಹಣ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಶೇಂಗಾ ಹೋಳಿಗೆಯ ಪೊಟ್ಟಣ ಮಾತ್ರ ಬೇಡ ಅನ್ನಲಿಲ್ಲ. ಉಳಿದ ಹಣಕ್ಕೆ ಒಂದು ಬಿಳಿ ಬೋರ್ಡ್ ತಂದು ಸ್ಕಾಲರ್ ರೂಮಿನಲ್ಲಿ ಹಾಕುತ್ತಿದ್ದೇವೆ. ಪ್ರತಿ ಗುರುವಾರ ನಾಲ್ಕು ಗಂಟೆಗೆ ಒಬ್ಬರು ನಿಂತು, ಇನ್ನೂ ಮುಗಿಯದ್ದನ್ನು ಹೇಳಬೇಕು. ಮೊದಲ ಸರದಿ ನನ್ನದು. ಮೂರನೇ ಲೆಮ್ಮಾ (ಪ್ರೂಫಿನ ನಡುವಿನ ಒಂದು ಮೆಟ್ಟಿಲು) ತಪ್ಪಿದೆ ಅಂತ ನನಗೆ ಈಗಲೇ ಅನುಮಾನ.

ಡೆಲ್ಟಾ ಎಪ್ಸಿಲಾನ್

ಹನ್ನೊಂದು ನಿಮಿಷದ ಪರಿಚಯ! ಉಳಿದದ್ದೆಲ್ಲ ಓದಿ ಹೊಟ್ಟೆಕಿಚ್ಚಾಯಿತು. ನಮಗೆ ಬರೀ ಪಿಜ್ಜಾ ಸಿಗುತ್ತಿತ್ತು.

ಹದಿನಾರು ತಾಸು

ಮೊದಲನೆಯದು, ಸರ್ ಅಲ್ಲ, ಮೇಡಂ. 480ರ ಲೆಕ್ಕವನ್ನು ಸ್ಟಾಫ್ ರೂಮಿನಲ್ಲಿ ಹೇಳಿದೆ. ಫಿಸಿಕ್ಸಿನವರು ನ್ಯಾಕ್ ಫೈಲಿನ ತಾಸುಗಳನ್ನು ಯಾಕೆ ಸೇರಿಸಿಲ್ಲ ಅಂದರು.

ಗುರುವಾರ ನಾಲ್ಕಕ್ಕೆ ಹೊರಗಿನವರು ಬರಬಹುದಾ? ನನ್ನ ಕೊನೆ ಕ್ಲಾಸು ಮೂರಕ್ಕೆ ಮುಗಿಯುತ್ತೆ. ನೀವು ಹೇಳುವ ಊರು ನಾನು ಅಂದುಕೊಂಡಿದ್ದೇ ಆದರೆ ಬಸ್ಸಿಗೆ ನಲವತ್ತು ನಿಮಿಷ. ನನ್ನ ಹತ್ತಿರ ಆರು ವರ್ಷದಿಂದ ಮುಗಿಯದ್ದು ಒಂದಿದೆ.

ಜೋಳದಹೊಲ

ತಪ್ಪಾಯಿತು ಮೇಡಂ. ಬನ್ನಿ. ನಾಲ್ಕೂ ಹತ್ತಕ್ಕೆ ಶುರು ಮಾಡುತ್ತೇವೆ, ಬಸ್ಸು ತಡ ಆದರೂ ಮೂರನೇ ಲೆಮ್ಮಾ ಹೊತ್ತಿಗೆ ತಲುಪುತ್ತೀರಿ.